ಏರಿಳಿತವಿಲ್ಲದ ದಾರಿ

ಕೊಡಗಿನ ನಿಸರ್ಗವೆಂದೊಡನೆ 1748 ಮೀಟರು ಎತ್ತರದ ತಡಿಯಂಡಮೋಳ್ ಬೆಟ್ಟವನ್ನು ಹೊಗಳುವುದು ವಾಡಿಕೆ. ಊರುಗೋಲು ಹಿಡಿದವರಿಗೆ ಆ ಹೊಗಳಿಕೆಯಿಂದ ಬಂದ ಭಾಗ್ಯವೇನು? ನಮ್ಮ ನೆಲ್ಯಹುದಿಕೇರಿಯಲ್ಲಿ ತೋಟದ ಕೆಲಸದಿಂದ ಮಂಡಿ ಸವೆದವರು ಹಲವರು. ನನ್ನ ಅಜ್ಜಿಯೂ ಅವರಲ್ಲೊಬ್ಬರು.

ಮಟ್ಟವಾದ ದಾರಿ ಬೇಕಾದವರು ನಿಂತ ನೀರನ್ನು ಅನುಸರಿಸಬೇಕು. ಕೆರೆಯ ಏರಿ ಒಂದೆಡೆ ತಗ್ಗಿದರೆ ನೀರು ಅಲ್ಲಿಯೇ ಉಕ್ಕಿ ಏರಿಯನ್ನು ಕೊಚ್ಚುವುದು. ಆದುದರಿಂದ ಅದರ ಮೇಲ್ಭಾಗವನ್ನು ಮಟ್ಟವಾಗಿಯೇ ಕಟ್ಟುವರು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವೃದ್ಧರೂ ಸಂಚರಿಸುವ ಗುಟ್ಟು ಇದೇ. ನಾಲೆಯೂ ಅತ್ಯಲ್ಪ ಇಳಿಜಾರಿನಲ್ಲಿ ಗುಡ್ಡವನ್ನು ಬಳಸಿಕೊಂಡು ಹರಿಯುತ್ತದೆ. ಹಾರಂಗಿ ನಾಲೆ ಇದಕ್ಕೆ ನಿದರ್ಶನ. ಆದರೆ ಕೆಸರಾದ, ಅಂಚಿಗೆ ತಡೆಯಿಲ್ಲದ ದಂಡೆ ಬೇಡ. ಗದ್ದೆಯಲ್ಲಿ ನೀರು ನಿಲ್ಲಬೇಕಾದುದರಿಂದ ಅದೂ ಮಟ್ಟವೇ. ಬದು ಕಿರಿದು, ಜಾರುತ್ತದೆ; ಪಕ್ಕದ ಗಾಡಿದಾರಿ ಲೇಸು.

ಹೊಳೆಗೆ ಈ ನಿಯಮ ಸಲ್ಲದು. 2019ರ ಆಗಸ್ಟಿನ ಪ್ರವಾಹದಲ್ಲಿ ಕಾವೇರಿಯ ದಂಡೆ ಎಷ್ಟು ನಂಬಿಕೆಗೆ ಅರ್ಹವೆಂಬುದನ್ನು ನಮ್ಮೂರು ಕಂಡಿದೆ.

ಇನ್ನು ಪ್ರಸಿದ್ಧ ಸ್ಥಳಗಳು. ದುಬಾರೆಗೆ ದೋಣಿ, ಕಾವೇರಿ ನಿಸರ್ಗಧಾಮಕ್ಕೆ ತೂಗುಸೇತುವೆ! ಒಳಗೆ ನೆಲ ಎಷ್ಟು ಮಟ್ಟವಾಗಿದ್ದರೇನು? ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ವಿಹಾರವನ್ನೂ ಹಕ್ಕೆಂದು ಎಣಿಸಿದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಗಾಲಿಕುರ್ಚಿಗೆ ಸಾಕು. ಮೂರು ಮೆಟ್ಟಿಲು ಕಟ್ಟುವವರು ಇದನ್ನು ನೆನೆಯಬೇಕು.

ಅಜ್ಜಿಯನ್ನು ಕರೆದೊಯ್ಯುವ ಮೊದಲು ನಾನೊಬ್ಬನೇ ನಡೆದು, ಕೂರಲು ಕಲ್ಲೋ ಕಟ್ಟೆಯೋ ಎಲ್ಲೆಲ್ಲಿದೆಯೆಂದು ನೋಡಿಬರುತ್ತೇನೆ. ದೂರವನ್ನು ಅಳೆಯುವಾಗ ಹಿಂದಿರುಗುವ ದಾರಿಯನ್ನೂ ಸೇರಿಸಬೇಕಷ್ಟೆ. ಮುಂಜಾವು, ಮುಸ್ಸಂಜೆಗಳಲ್ಲಿ ಆನೆಗಳು ತೋಟಕ್ಕಿಳಿಯುತ್ತವೆ. ಓಡಲಾರದವರಿಗೆ ಆ ಹೊತ್ತು ವರ್ಜ್ಯ. ನಾವು ಹೊರಡುವುದು ಒಂಬತ್ತರ ಬಿಸಿಲಿಗೆ.