ಮೈಕೇಲನ ಕಾಗದ

ಪುಸ್ತಕದ ನಾಯಕನಿಗೂ ಧಾರಾವಾಹಿಯ ನಾಯಕನಿಗೂ ಒಂದು ಅಂತರವುಂಟು. ಎರಡನೆಯವನು ದಿನ ಬೆಳಗಾದರೆ ಹಾಲಿನವನ ಹಾಗೆ ಬಾಗಿಲಿಗೆ ಬರುತ್ತಾನೆ. ಬಾರದಿದ್ದರೆ ಮನಸ್ಸು ತಳಮಳಗೊಳ್ಳುತ್ತದೆ. ಆರ್ಮಿಸ್ಟೆಡ್ ಮಾಪಿನ್ 1976ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ ಪತ್ರಿಕೆಯಲ್ಲಿ ಆರಂಭಿಸಿದ ‘ಟೇಲ್ಸ್ ಆಫ್ ದಿ ಸಿಟಿ’ಯ ಮೈಕೇಲ್ ಟಾಲಿವರ್ ಅಂಥವನು. ಬಾರ್ಬರಿ ಲೇನಿನ 28ನೆಯ ನಂಬರಿನ ಮನೆಯಲ್ಲಿ ಬಾಡಿಗೆಗಿದ್ದ ಈ ತರುಣ ಒಲಿದದ್ದು ಜಾನ್ ಎಂಬ ವೈದ್ಯನಿಗೆ.

1977ರ ಒಂದು ಕಂತಿನಲ್ಲಿ ಮೈಕೇಲ್ ತನ್ನ ತಾಯಿಗೆ, ತಾನು ಗಂಡಸರನ್ನೇ ಪ್ರೀತಿಸುವವನೆಂದು ಕಾಗದ ಬರೆಯುತ್ತಾನೆ. ಕಾಗದ ಪಾತ್ರದ್ದು ನಿಜ. ಮಾಪಿನ್ ತನ್ನ ತಂದೆತಾಯಿಗಳಿಗೆ ಅದೇ ಮಾತನ್ನು ತಿಳಿಸಿದ್ದೂ ಅದರ ಮೂಲಕವೇ. ಎಷ್ಟೋ ವಾಚಕರು ಆ ಕಂತನ್ನು ಕತ್ತರಿಸಿ ತಮ್ಮ ಮನೆಗಳಿಗೆ ಅಂಚೆಗೆ ಹಾಕಿದರಂತೆ. ಲೇಖಕನೂ ವಾಚಕನೂ ಒಂದೇ ಲಕೋಟೆಯಲ್ಲಿ ಕುಳಿತ ಇಂಥ ಪ್ರಸಂಗವನ್ನು ನಾನು ಬೇರೆಲ್ಲಿಯೂ ಓದಿಲ್ಲ.

1984ರ ‘ಬೇಬಿಕೇಕ್ಸ್’ ಕಾದಂಬರಿಯ ವೇಳೆಗೆ ಜಾನ್ ಇಲ್ಲ. ಏಡ್ಸ್ ಅವನನ್ನು ಕೊಂಡೊಯ್ದಿದೆ. ಮೊದಲ ಓದಿನಲ್ಲಿ ನನಗೆ ಲೇಖಕನ ಮೇಲೆ ಕೋಪವೇ ಬಂದಿತು. ಆದರೆ ಆ ಊರಿನ ಮನೆಮನೆಯಲ್ಲಿ ಗೆಳೆಯರು ಸಾಯುತ್ತಿದ್ದಾಗ ಕಥೆಯ ಗೆಳೆಯನೊಬ್ಬನನ್ನೇ ಉಳಿಸುವುದು ಹೇಗೆ? ಸೋಂಕು ತಗುಲಿದ ಮೈಕೇಲನೂ ಹೋಗಿಬಿಟ್ಟನೇನೋ ಎಂದು ಶಂಕಿಸಿದವರಿಗೆ ಮಾಪಿನ್ 2007ರ ಕಾದಂಬರಿಯ ಹೆಸರಿನಲ್ಲಿಯೇ ಉತ್ತರ ಕೊಟ್ಟ: ‘ಮೈಕೇಲ್ ಟಾಲಿವರ್ ಲಿವ್ಸ್’, ಬದುಕಿದ್ದಾನೆ.