ದಾರಿಯ ಬಳಿಯ ಶಿಲುಬೆ
ಓದತಕ್ಕ ಭಾಗಗಳು: ಮತ್ತಾಯ 22:15–22, ಗಲಾತ್ಯ 6:14

ತೆರಿಗೆಯ ವಿಷಯದಲ್ಲಿ ಕರ್ತನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದವರಿಂದ ಆತನು ಒಂದು ನಾಣ್ಯವನ್ನು ತರಿಸಿ, ಅದರ ಮೇಲಿನ ಮುದ್ರೆಯು ಯಾರದೆಂದು ಕೇಳಿದ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ದೊರೆತನಕ್ಕೆ ಸಲ್ಲತಕ್ಕದ್ದು ಬೇರೆ, ದೇವರಿಗೆ ಸಲ್ಲತಕ್ಕದ್ದು ಬೇರೆ ಎಂಬದನ್ನು ಅಲ್ಲಿ ಕಲಿತಿದ್ದೇವೆ. ಆದರೆ ಒಂದೇ ವಸ್ತುವಿನ ಮೇಲೆ ಎರಡು ಮುದ್ರೆಗಳೂ ಬಿದ್ದಿದ್ದರೆ ಏನು ಹೇಳೋಣ? ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥಾ ಒಂದು ವ್ಯಾಜ್ಯವು 2019ನೆಯ ಇಸವಿಯಲ್ಲಿ ತೀರ್ಮಾನವಾಯಿತು. ಅದನ್ನೇ ಈ ತಿಂಗಳ ಪಾಠಕ್ಕೆ ತೆಗೆದುಕೊಂಡಿದ್ದೇವೆ.

ಆ ದೇಶದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಬ್ಲೇಡನ್ಸ್‌ಬರ್ಗ್ ಎಂಬ ಊರುಂಟು. ಅಲ್ಲಿ ದಾರಿಗಳು ಕೂಡುವ ಸ್ಥಳದಲ್ಲಿ ಸುಮಾರು 40 ಅಡಿ ಎತ್ತರದ ಒಂದು ಶಿಲುಬೆ ನಿಂತಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆ ಜಿಲ್ಲೆಯ 49 ಮಂದಿಯ ಹೆಸರುಗಳನ್ನು ಅದರ ಬುಡದ ಕಂಚಿನ ಫಲಕದಲ್ಲಿ ಬರೆದಿದ್ದಾರೆ. ಕರಿಯರೂ ಬಿಳಿಯರೂ ಬೇರೆಬೇರೆಯಾಗಿ ಬಾಳುತ್ತಿದ್ದ ಆ ಕಾಲದಲ್ಲಿ ಈ ಫಲಕದ ಮೇಲೆ ಅವರ ಹೆಸರುಗಳು ಕೂಡಿಯೇ ಇವೆ. ಊರವರು ಹಣ ಕೂಡಿಸಿ ಆರಂಭಿಸಿದ ಕೆಲಸವು ಹಣ ಸಾಲದೆ ನಿಂತುಹೋದಾಗ ಸಿಪಾಯಿಗಳ ಸಂಘದವರು ಅದನ್ನು ವಹಿಸಿಕೊಂಡು 1925ರಲ್ಲಿ ಮುಗಿಸಿದರು. ಪ್ರತಿಷ್ಠೆಯ ದಿನ ರೋಮನ್ ಕಥೋಲಿಕ ಪಾದ್ರಿಯೊಬ್ಬರು ಪ್ರಾರ್ಥನೆ ಮಾಡಿದರು, ಬ್ಯಾಪ್ಟಿಸ್ಟ್ ಬೋಧಕರೊಬ್ಬರು ಆಶೀರ್ವಾದ ಹೇಳಿದರು. ಮಗನನ್ನು ಫ್ರಾನ್ಸಿನಲ್ಲಿ ಕಳಕೊಂಡ ಒಬ್ಬ ತಾಯಿಯು, ಈ ಶಿಲುಬೆಯೇ ತನ್ನ ಮಗನ ಸಮಾಧಿಯ ಕಲ್ಲಿನಂತಿದೆ ಎಂಬರ್ಥದಲ್ಲಿ 1920ರಲ್ಲಿ ಪತ್ರ ಬರೆದಳು. ಈ ಮಾತನ್ನು ಓದುವ ತಾಯಂದಿರಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ.

1961ರಲ್ಲಿ ಆ ನೆಲವೂ ಶಿಲುಬೆಯೂ ಸರಕಾರದ ಒಂದು ಮಂಡಲಿಯ ವಶಕ್ಕೆ ಬಂದವು. ಅಂದಿನಿಂದ ಅದರ ರಕ್ಷಣೆಗೆ ಸುಮಾರು 1,17,000 ಡಾಲರುಗಳಷ್ಟು ಸಾರ್ವಜನಿಕರ ಹಣವು ವೆಚ್ಚವಾಯಿತು. ಸರಕಾರವು ಯಾವ ಮತವನ್ನೂ ಸ್ಥಾಪಿಸಕೂಡದೆಂಬ ನಿಯಮವು ಆ ದೇಶದ ಸಂವಿಧಾನದಲ್ಲಿ 1791ರಿಂದ ಇರುವದರಿಂದ, 2014ರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ಶಿಲುಬೆಯನ್ನು ಬೇರೆ ಕಡೆಗೆ ಸಾಗಿಸಬೇಕು, ಇಲ್ಲವೆ ಕೆಡವಬೇಕು, ಅದೂ ಆಗದಿದ್ದರೆ ಅದರ ಎರಡು ಕೈಗಳನ್ನು ತೆಗೆದು ಬರೀ ಕಂಬವನ್ನಾಗಿ ಮಾಡಬೇಕು ಎಂಬದು ಅವರ ಬೇಡಿಕೆ.

ಇದನ್ನು ಕೇಳಿ, ದಾವೆ ಹಾಕಿದವರು ನಂಬದವರು, ಆ ನಿಯಮವೂ ನಂಬದವರು ಮಾಡಿದ್ದೇ ಎಂದು ನಮ್ಮಲ್ಲಿ ಕೆಲವರು ನೆನಸಬಹುದು. ನಿಯಮದ ವಿಷಯದಲ್ಲಿ ಹಾಗೆ ಎಣಿಸುವದು ತಪ್ಪು. 1636ರಲ್ಲಿ ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿದ ರೋಜರ್ ವಿಲಿಯಮ್ಸ್ ದೇವರ ಸೇವಕನೇ. ದೊರೆತನವು ಮನಸ್ಸಾಕ್ಷಿಯ ಮೇಲೆ ಅಧಿಕಾರ ನಡಿಸಕೂಡದೆಂದು ಬೋಧಿಸಿದ್ದಕ್ಕಾಗಿ ಅವನನ್ನು ಮ್ಯಾಸಚೂಸೆಟ್ಸಿನಿಂದ ಹೊರಡಿಸಿದ್ದರು. ಹೊರಡಿಸಿದವರೂ ಪ್ರೊಟೆಸ್ಟಂಟರೇ ಎಂಬದನ್ನು ನಾಚಿಕೆಯಿಂದ ಒಪ್ಪಿಕೊಳ್ಳತಕ್ಕದ್ದು. ಸಭೆಯು ದೇವರ ತೋಟ, ಲೋಕವು ಅಡವಿ. ನಡುವಿನ ಬೇಲಿ ಬಿದ್ದರೆ ಕೆಡುವದು ತೋಟವೇ ಎಂಬದು ಅವನ ವಾದ. ಮುಂದೆ ವರ್ಜೀನಿಯದಲ್ಲಿ ಅಪ್ಪಣೆಯಿಲ್ಲದೆ ಸುವಾರ್ತೆ ಸಾರಿದ್ದಕ್ಕಾಗಿ ಬ್ಯಾಪ್ಟಿಸ್ಟ್ ಬೋಧಕರು ಸೆರೆಮನೆಯಲ್ಲಿದ್ದರು. ಸರಕಾರದ ಕೈ ಸಭೆಯ ಮೇಲೆ ಬಿದ್ದರೆ ಎಷ್ಟು ಭಾರವೆಂದು ಇಂಥವರು ಅನುಭವದಿಂದ ಬಲ್ಲವರಾಗಿದ್ದರು.

2017ರಲ್ಲಿ ಮೇಲಿನ ನ್ಯಾಯಾಲಯವು ದಾವೆ ಹಾಕಿದವರ ಪಕ್ಷವಾಗಿ ತೀರ್ಪು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯವಾದರೋ 2019ರ ಜೂನ್ 20ರಂದು ಅದನ್ನು ತಿರುಗಿಸಿ, ಶಿಲುಬೆಯು ಇದ್ದಲ್ಲಿಯೇ ಇರಲಿ ಎಂದಿತು. ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಹೀಗೂ ಇಬ್ಬರು ಬೇರೆಯಾಗಿಯೂ ಹೇಳಿದರು. ಶಿಲುಬೆಯು ಕ್ರೈಸ್ತರ ಗುರುತೆಂಬದನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲ; ಆದರೆ ಯುದ್ಧಭೂಮಿಯ ಸಮಾಧಿಗಳಿಂದಲೂ ಕಳೆದ ವರುಷಗಳಿಂದಲೂ ಅದಕ್ಕೆ ಬೇರೆ ಅರ್ಥಗಳೂ ಬಂದಿವೆ, ಈಗ ಕೆಡವಿದರೆ ಮತದ್ವೇಷವೆಂದು ತೋರಬಹುದು ಎಂದಿತು. ಗಿನ್ಸ್‌ಬರ್ಗ್ ಎಂಬ ಯೆಹೂದ್ಯ ನ್ಯಾಯಾಧೀಶೆಯು ಇದನ್ನು ಒಪ್ಪಲಿಲ್ಲ. ಯೆಹೂದ್ಯ ಸಿಪಾಯಿಗಳ ಸಮಾಧಿಗಳ ಮೇಲೆ ಶಿಲುಬೆಯನ್ನಲ್ಲ, ದಾವೀದನ ನಕ್ಷತ್ರವನ್ನು ಇಟ್ಟರು. ಶಿಲುಬೆಯು ಎಲ್ಲರ ಗುರುತಾಗಿದ್ದರೆ ಹೀಗೆ ಮಾಡಬೇಕಾಗಿತ್ತೋ?

ಆಶ್ಚರ್ಯವೇನಂದರೆ, ಬ್ಯಾಪ್ಟಿಸ್ಟರ ಒಂದು ಸಂಯುಕ್ತ ಸಮಿತಿಯೂ ನ್ಯಾಯಾಲಯಕ್ಕೆ ಬರೆದುಕೊಟ್ಟ ಮನವಿಯಲ್ಲಿ, ಶಿಲುಬೆಗೆ ಲೌಕಿಕ ಅರ್ಥ ಕಟ್ಟಬಾರದೆಂದು ವಾದಿಸಿತು. ನಮಗೂ ಇದೇ ಸರಿಯೆಂದು ಕಾಣುತ್ತದೆ. ಆ ತಾಯಿಯ ದುಃಖವನ್ನು ಗೌರವಿಸುತ್ತೇವೆ. ಶಿಲುಬೆಯ ಕೈಗಳನ್ನು ಕಡಿಯುವದನ್ನು ನೋಡಲು ನಮಗೆ ಮನಸ್ಸಿಲ್ಲ. ಆದರೂ ಕಲ್ಲನ್ನು ಉಳಿಸುವದಕ್ಕಾಗಿ ಅದರ ಅರ್ಥವನ್ನು ತೆಳ್ಳಗೆ ಮಾಡಿದರೆ ಸಭೆಗೆ ಯಾವ ಲಾಭ? ಅಪೊಸ್ತಲನಾದ ಪೌಲನು ಹೊಗಳಿಕೊಂಡ ಶಿಲುಬೆಯು ಕೆಲವರಿಗೆ ಎಡವುವ ಕಲ್ಲೂ ಕೆಲವರಿಗೆ ಹುಚ್ಚುತನವೂ ಆಗಿತ್ತೇ ಹೊರತು, ಯಾರನ್ನೂ ಕದಲಿಸದ ಅಲಂಕಾರವಾಗಿರಲಿಲ್ಲ.

ಅದೇ ಯುದ್ಧದಲ್ಲಿ ಸತ್ತ ನಮ್ಮ ದೇಶದವರಿಗೋಸ್ಕರ ಫ್ರಾನ್ಸಿನ ನವ್ ಶಾಪೆಲ್ ಎಂಬಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕವನ್ನು ಇಲ್ಲಿ ನೆನಸಬೇಕು. 4,700ಕ್ಕಿಂತ ಹೆಚ್ಚು ಹೆಸರುಗಳುಳ್ಳ ಆ ಸ್ಥಳದ ಎತ್ತರದ ಕಂಬದ ತುದಿಯಲ್ಲಿ ಇರುವದು ಶಿಲುಬೆಯಲ್ಲ, ತಾವರೆ, ಕಿರೀಟ ಮತ್ತು ನಕ್ಷತ್ರ. ದೇವರು ಒಬ್ಬನೆಂಬ ಮಾತನ್ನು ಇಂಗ್ಲಿಷ್, ಅರಬ್ಬೀ, ಹಿಂದಿ, ಗುರುಮುಖಿ ಲಿಪಿಗಳಲ್ಲಿ ಕೆತ್ತಿದ್ದಾರೆ. ಕಟ್ಟಿಸಿದವರು ಕ್ರೈಸ್ತ ಅರಸನ ಅಧಿಕಾರಿಗಳೇ. ಆದರೂ ಸತ್ತವರ ಮನೆಯವರನ್ನು ಅವರು ಮರೆಯಲಿಲ್ಲ.

ನಮ್ಮ ಸಂವಿಧಾನದ 27ನೆಯ ಅನುಚ್ಛೇದವು ಒಂದು ಮತದ ವೃದ್ಧಿಗೆಂದು ಯಾರಿಂದಲೂ ತೆರಿಗೆ ಕೊಡಿಸಕೂಡದೆನ್ನುತ್ತದೆ. ಜಾತ್ರೆಯ ವಂತಿಗೆಯು ಸರಕಾರದ ತೆರಿಗೆಯಲ್ಲವಾದರೂ, ಅದನ್ನು ಒತ್ತಾಯದಿಂದ ಕೇಳಿದಾಗ ನಮ್ಮ ಹಳ್ಳಿಗಳ ವಿಶ್ವಾಸಿಗಳಿಗೆ ಆಗುವ ಸಂಕಟವು ಗೊತ್ತೇ ಇದೆ. ಆದಕಾರಣ ಭಾನುವಾರದ ಸಂಜೆಯ ಕೂಟದಲ್ಲಿ ಸಭೆಯ ಹಿರಿಯರು ಈ ಪ್ರಶ್ನೆಯನ್ನು ಇಡಲಿ: ಬ್ಲೇಡನ್ಸ್‌ಬರ್ಗಿನಲ್ಲಿ ನಾವು ಯೆಹೂದ್ಯ ಸಿಪಾಯಿಯ ತಂದೆತಾಯಿಗಳಾಗಿದ್ದರೆ, ಆ ಶಿಲುಬೆಯ ಮುಂದೆ ನಿಂತು ಏನು ಕೇಳುತ್ತಿದ್ದೆವು?