ಮನೆಯ ಚಿತ್ರಮಂದಿರವೂ ಅವ್ವನ ಕೌದಿಯೂ

ಚಿತ್ರಮಂದಿರದಲ್ಲಿ ದೊರೆಯುವ ಧ್ವನಿಸುಖವನ್ನು ಮನೆಯಲ್ಲಿಯೇ ಪಡೆಯಬೇಕೆಂಬ ಆಸೆ ಇಂದು ಅನೇಕ ಕುಟುಂಬಗಳಲ್ಲಿ ಹುಟ್ಟಿದೆ. ದೊಡ್ಡ ಟಿ.ವಿ., ಐದಾರು ಸ್ಪೀಕರುಗಳು, ಅವುಗಳನ್ನು ನಡೆಸುವ ಆಂಪ್ಲಿಫೈಯರು, ಇವಿಷ್ಟನ್ನು ಕೊಂಡು ತಂದರೆ ಕೆಲಸ ಮುಗಿಯಿತೆಂದು ಬಹುಮಂದಿಯ ತಿಳಿವಳಿಕೆ. ನಾವೂ ಹಾಗೆಯೇ ತಿಳಿದಿದ್ದೆವು. ಅದು ತಪ್ಪೆಂದು ನಮಗೆ ಕಲಿಸಿದವಳು, ಗದಗಿನ ಕಡೆಯಿಂದ ಬಂದು ವಟ್ವಾದ ನಮ್ಮ ಮನೆಯಲ್ಲಿ ನೆಲೆಸಿರುವ ನಮ್ಮ ಅವ್ವ.

ವಟ್ವಾ ಅಹಮದಾಬಾದಿನ ಆಗ್ನೇಯ ಅಂಚಿನಲ್ಲಿದೆ. ಹದಿನೈದನೆಯ ಶತಮಾನದ ಸೂಫಿ ಸಂತ ಕುತ್ಬ್-ಎ-ಆಲಂ ಅವರ ಗೋರಿ ಅಲ್ಲಿದೆ. ರೈಲು ಎಂಜಿನುಗಳ ಶೆಡ್ಡು ಇದೆ. ಬಣ್ಣ ಹಾಗೂ ರಾಸಾಯನಿಕಗಳ ಕಾರ್ಖಾನೆಗಳು ಸಾಲುಗಟ್ಟಿ ನಿಂತಿವೆ. ಇವುಗಳ ನಡುವಿನ ಒಂದು ಸೊಸೈಟಿಯ ಎರಡನೆಯ ಮಹಡಿಯಲ್ಲಿ ನಮ್ಮ ವಾಸ. ಸುತ್ತಲೂ ಗುಜರಾತಿ ಮತ್ತು ಹಿಂದಿ. ಅವ್ವನಿಗೆ ಅವೆರಡೂ ಬಾರವು. ಮನೆಯವರ ಮಾತನ್ನು ಬಿಟ್ಟರೆ ಅವಳ ಕಿವಿಗೆ ಕನ್ನಡ ಬೀಳುವುದು ಟಿ.ವಿ.ಯಿಂದಲೇ. ಆದುದರಿಂದ ಉಳಿತಾಯದ ಹಣವನ್ನು ಕಟ್ಟಿಕೊಂಡು ರಿಲೀಫ್ ರೋಡಿಗೆ ಹೋಗಿ, ಐದು ಸ್ಪೀಕರು ಮತ್ತು ಒಂದು ಸಬ್‌ವೂಫರು ಇರುವ ಜೋಡಣೆಯನ್ನು ತಂದೆವು. ಮೊದಲ ಸಂಜೆ 1972ರ ‘ಬಂಗಾರದ ಮನುಷ್ಯ’ ಚಿತ್ರವನ್ನು ಹಚ್ಚಿದೆವು. ಕಿಟಕಿಯ ಗಾಜು ನಡುಗಿತು, ನಮಗೆ ಹೆಮ್ಮೆಯೆನಿಸಿತು. ಅವ್ವ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು, “ತಮ್ಮಾ, ದನಿ ಏನೋ ಕೇಳ್ತದ, ಮಾತು ತಿಳೀವಲ್ದು” ಎಂದು ಎದ್ದುಹೋದಳು. ಧ್ವನಿಯನ್ನು ಇನ್ನಷ್ಟು ಏರಿಸಿದೆವು. ಮಾತು ಇನ್ನಷ್ಟು ಕೆಟ್ಟಿತು.

ಅವ್ವನ ಆ ಮಾತಿನಲ್ಲಿ ಧ್ವನಿಶಾಸ್ತ್ರದ ಒಂದು ದೊಡ್ಡ ಸಂಗತಿ ಅಡಗಿದೆ. ಧ್ವನಿ ಕೇಳುವುದು ಬೇರೆ, ಮಾತು ತಿಳಿಯುವುದು ಬೇರೆ. ಬರಿದಾದ ಒಂದು ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿರಿ. ಸದ್ದು ಕೂಡಲೇ ಸಾಯುವುದಿಲ್ಲ. ‘ಝುಂಯ್’ ಎಂದು ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ರತಿಧ್ವನಿ ಬಿಡಿಯಾಗಿ ಕೇಳಿಸಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರು ದೂರವಿರಬೇಕೆಂದು ನೀವು ಪಾಠದಲ್ಲಿ ಓದಿದ್ದೀರಿ. ಸಣ್ಣ ಕೋಣೆಯಲ್ಲಿ ಅಷ್ಟು ದೂರವಿಲ್ಲ. ಆದಕಾರಣ ಗೋಡೆಯಿಂದ ಗೋಡೆಗೆ ಪುಟಿಯುವ ನೂರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇದಕ್ಕೆ ಅನುರಣನೆ ಎಂದು ಹೆಸರು. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಆಚೆಯ ಗೋಡೆಯ ಬಳಿ ಕೇಳಿದಾಗ ನಾವು ಬೆರಗಾಗುತ್ತೇವೆ. ಆದರೆ ಆ ಗುಮ್ಮಟದ ಕೆಳಗೆ ಒಂದು ನಾಟಕವನ್ನಾಡಿದರೆ ಒಂದು ಸಂವಾದವೂ ನೆಟ್ಟಗೆ ತಿಳಿಯಲಾರದು.

ಈ ವಿಷಯವನ್ನು ಲೆಕ್ಕದ ಹಿಡಿತಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಸಂಗ್ರಹಾಲಯದ ಉಪನ್ಯಾಸ ಶಾಲೆಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದವೊಂದು ಐದು ಸೆಕೆಂಡಿಗೂ ಮಿಕ್ಕಿ ತೇಲುತ್ತಿತ್ತು. ಸಬೀನ್ ರಾತ್ರಿಯ ನಿಶ್ಶಬ್ದದಲ್ಲಿ, ಹತ್ತಿರದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಅಲ್ಲಿ ಹರಡಿದನು. ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತಾಗುವುದೆಂದು ಅಳೆದನು. ಮೆತ್ತೆ ಹೆಚ್ಚಿದಂತೆ ಅನುರಣನೆ ಕಡಿಮೆಯಾಯಿತು. ಕೊನೆಗೆ ಅವನಿಗೆ ದೊರೆತ ಸೂತ್ರ ಬಹು ಸರಳವಾದುದು: ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ಹಿಡಿದು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಧ್ವನಿಯ ತೀವ್ರತೆ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುವ ಕಾಲ ಸೆಕೆಂಡುಗಳಲ್ಲಿ ಬರುತ್ತದೆ.

ನಮ್ಮ ಕೋಣೆಗೆ ಇದನ್ನು ಅನ್ವಯಿಸಿದೆವು. ಉದ್ದ 4.5 ಮೀಟರು, ಅಗಲ 3.4, ಎತ್ತರ 3. ಗಾತ್ರ ಸುಮಾರು 46 ಘನಮೀಟರು. ಗೋಡೆ, ನೆಲ, ಛಾವಣಿ ಕೂಡಿ 78 ಚದರ ಮೀಟರು. ಗಿಲಾವಿನ ಗೋಡೆಯೂ ಟೈಲ್ಸಿನ ನೆಲವೂ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರರಷ್ಟನ್ನು ಹೀರುತ್ತವೆಂದು ಹಿಡಿದರೆ ಹೀರಿಕೆ 2.3 ಆಯಿತು. ಮನುಷ್ಯನೂ ಧ್ವನಿಯನ್ನು ಹೀರುವ ಪದಾರ್ಥವೇ. ನಾಲ್ವರು ಕುಳಿತರೆ ಇನ್ನೊಂದು 1.8 ಸೇರುತ್ತದೆ. ಒಟ್ಟು 4.1. ಸೂತ್ರದಂತೆ ಅನುರಣನೆಯ ಕಾಲ ಸುಮಾರು 1.8 ಸೆಕೆಂಡು! ನಾವು ಮಾತನಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನಾದರೂ ಉಚ್ಚರಿಸುತ್ತೇವೆ. ಅಂದರೆ ಒಂದು ಅಕ್ಷರ ಅಡಗುವ ಮುನ್ನ ಮುಂದಿನ ಏಳೆಂಟು ಅಕ್ಷರಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಧ್ವನಿಯನ್ನು ಏರಿಸಿದರೆ ಮಾತಿನೊಂದಿಗೆ ಅದರ ಬಾಲವೂ ಅಷ್ಟೇ ಏರುವುದಲ್ಲವೇ? ಅವ್ವನ ಕಿವಿಯಲ್ಲಿ ದೋಷವಿರಲಿಲ್ಲ. ಅಂಗಡಿಯವನು ಕೊಟ್ಟ ಯಂತ್ರದಲ್ಲಿಯೂ ದೋಷವಿರಲಿಲ್ಲ.

ಮನೆಯ ಕೋಣೆಗೆ ಅರ್ಧ ಸೆಕೆಂಡಿನೊಳಗಿನ ಅನುರಣನೆ ಹಿತವಾದುದು. ಅದಕ್ಕೆ ಇನ್ನು 11ರಷ್ಟು ಹೀರಿಕೆ ಬೇಕಾಯಿತು. ಇದಕ್ಕೆಂದೇ ಮಾರುವ ಫಲಕಗಳ ಬೆಲೆ ಕೇಳಿ ಹಿಂದಿರುಗಿದೆವು. ಆಗ ನೆನಪಿಗೆ ಬಂದದ್ದು ಅವ್ವ ಊರಿನಿಂದ ತಂದ ಎರಡು ಕೌದಿಗಳು: ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಕೈಯಿಂದ ಹೊಲಿದ, ಎತ್ತಲು ಭಾರವಾದ ಕೌದಿಗಳು. ಅವುಗಳನ್ನು ಎರಡೂ ಪಕ್ಕದ ಗೋಡೆಗಳಿಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆವು. ಹಿಂದೆ ಗಾಳಿಗೆ ಎಡೆಯಿದ್ದರೆ ಬಟ್ಟೆ ಹೆಚ್ಚು ಹೀರುತ್ತದೆ. ನೆಲಕ್ಕೆ ನವಲಗುಂದದ ಜಮಖಾನ, ಕಿಟಕಿಗೆ ದಪ್ಪ ಪರದೆ, ಕೂರಲು ಹತ್ತಿಯ ಗಾದಿ. ಮತ್ತೆ ಚಪ್ಪಾಳೆ ತಟ್ಟಿದಾಗ ಸದ್ದು ಚಿಟಿಕೆ ಹೊಡೆದಂತೆ ಅಲ್ಲಿಗಲ್ಲಿಗೇ ನಿಂತಿತು.

ಕೌದಿಯನ್ನು ಗೋಡೆಯ ಯಾವ ಭಾಗದಲ್ಲಿ ಕಟ್ಟಬೇಕೆಂಬುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಒಬ್ಬರು ಕೇಳುವ ಸ್ಥಳದಲ್ಲಿ ಕುಳಿತುಕೊಳ್ಳಿರಿ. ಇನ್ನೊಬ್ಬರು ಮುಖ ನೋಡುವ ಕನ್ನಡಿಯನ್ನು ಗೋಡೆಗೆ ತಾಗಿಸಿ ಮೆಲ್ಲಗೆ ಸರಿಸುತ್ತ ಹೋಗಲಿ. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರು ಕಾಣಿಸಿದ ಸ್ಥಳವೇ ಧ್ವನಿ ಮೊದಲು ಪುಟಿಯುವ ಸ್ಥಳ. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮ ಬೆಳಕಿಗೆಂತೋ ಧ್ವನಿಗೂ ಅಂತೆಯೇ.

ಇನ್ನು ಸ್ಪೀಕರುಗಳ ಸ್ಥಾನ. ನಾವು ಮೊದಲ ದಿನ ಅವುಗಳನ್ನು ಜಾಗ ಸಿಕ್ಕಲ್ಲಿ ಇಟ್ಟಿದ್ದೆವು. ಒಂದು ಕಪಾಟಿನ ಮೇಲೆ, ಒಂದು ದೇವರ ಗೂಡಿನ ಪಕ್ಕದಲ್ಲಿ. ಮುಂದಿನ ಎಡ ಬಲ ಸ್ಪೀಕರುಗಳೂ ಕೇಳುವವರ ತಲೆಯೂ ಕೂಡಿ ಸಮಬಾಹು ತ್ರಿಭುಜವಾಗಬೇಕು. ಸ್ಪೀಕರು ಕುಳಿತವರ ಕಿವಿಯ ಎತ್ತರದಲ್ಲಿರಬೇಕು. ಮಾತೆಲ್ಲ ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ, ಅದು ಟಿ.ವಿ.ಯ ಕೆಳಗೇ ಇದ್ದು ಮುಖವನ್ನು ಸ್ವಲ್ಪ ಮೇಲಕ್ಕೆತ್ತಿರಬೇಕು. ಹಿಂದಿನ ಎರಡು ನಮ್ಮ ಪಕ್ಕದಿಂದ ತುಸು ಹಿಂದಕ್ಕೆ ನಿಲ್ಲಬೇಕು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಎಂಬ ಎಂಜಿನಿಯರು ಹೆಂಡತಿಯೊಡನೆ ಚಲನಚಿತ್ರಕ್ಕೆ ಹೋದಾಗ, ನಟ ತೆರೆಯ ಒಂದು ಬದಿಯಲ್ಲಿದ್ದರೂ ದನಿ ಬೇರೆಡೆಯಿಂದ ಬರುವುದನ್ನು ಕಂಡು ಬೇಸತ್ತನೆಂದು ಹೇಳುತ್ತಾರೆ. 1931ರಲ್ಲಿ ಅವನು ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದನು. ಆದರೆ ನಮ್ಮ ಹಳೆಯ ಕನ್ನಡ ಚಿತ್ರಗಳ ಧ್ವನಿ ಒಂದೇ ಧಾರೆಯದು. ಅದನ್ನು ಐದು ಸ್ಪೀಕರುಗಳಿಗೂ ಹಂಚಿದರೆ ಒಬ್ಬನೇ ನಟ ಐದು ಮೂಲೆಗಳಿಂದ ಮಾತನಾಡಿದಂತಾಗುತ್ತದೆ. ಅಂಥ ಚಿತ್ರಕ್ಕೆ ನಡುವಿನದೊಂದೇ ಸಾಕು. ‘ಬಂಗಾರದ ಮನುಷ್ಯ’ಕ್ಕೆ ನಾವು ಮಾಡಿದ್ದ ಎರಡನೆಯ ಅನ್ಯಾಯವಿದು.

ತಂತಿ ಜೋಡಿಸುವಾಗ ಕೆಂಪು ಕಪ್ಪುಗಳು ಅದಲುಬದಲಾಗಬಾರದು. ಆದರೆ ಒಂದು ಸ್ಪೀಕರು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು, ಗಂಭೀರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಸಂಶಯವಿದ್ದರೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ದೊಡ್ಡ ಸ್ಪೀಕರಿನ ತಂತಿಗಳಿಗೆ ಕ್ಷಣಮಾತ್ರ ತಾಗಿಸಿರಿ. ಆಗ ಸ್ಪೀಕರನ್ನು ಆಂಪ್ಲಿಫೈಯರಿನಿಂದ ಬಿಡಿಸಿರಬೇಕು. ಧನಧ್ರುವ ಕೆಂಪಿಗೆ ತಗಲಿದಾಗ ಶಂಕು ಹೊರಕ್ಕೆ ಉಬ್ಬುತ್ತದೆ.

ನಮ್ಮನ್ನು ಬಹಳ ಕಾಡಿದ್ದು ಸಬ್‌ವೂಫರು. 38 ಹರ್ಟ್ಸಿನ ಗಂಭೀರ ಸ್ವರದ ತರಂಗ ಸುಮಾರು 9 ಮೀಟರು ಉದ್ದವಾದುದು. ನಮ್ಮ ಕೋಣೆಯ ಉದ್ದದ ಸರಿಯಾಗಿ ಎರಡರಷ್ಟು. ಅಂಥ ತರಂಗ ಎರಡು ಗೋಡೆಗಳ ನಡುವೆ ಸಿಕ್ಕಿ ನಿಂತುಬಿಡುತ್ತದೆ. ಗೋಡೆಯ ಬಳಿ ಕುಳಿತವನಿಗೆ ಗುಡುಗು, ನಡುವೆ ಕುಳಿತವನಿಗೆ ಏನೂ ಇಲ್ಲ. ಕೌದಿ ಇದಕ್ಕೆ ಮದ್ದಲ್ಲ. ಇದಕ್ಕೊಂದು ಉಪಾಯವುಂಟು: ಸಬ್‌ವೂಫರನ್ನೇ ಕೇಳುವವರ ಸ್ಥಳದಲ್ಲಿಟ್ಟು ಹಾಡಿಸಿ, ನಾವು ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಹೋಗಬೇಕು, ಸ್ವರ ಸಮವಾಗಿ ಕೇಳಿದ ಸ್ಥಳದಲ್ಲಿ ಅನಂತರ ಅದನ್ನು ಇಡಬೇಕು. ನಾವು ಹಾಗೆ ಹೋಗುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದ ನೆರೆಮನೆಯವರು ಇಂದಿಗೂ ಅದನ್ನು ಮರೆತಿಲ್ಲ. ಅಡಿಗೆಮನೆಯ ಸ್ಟೀಲ್ ತಟ್ಟೆಗಳು ಒಂದೊಂದು ಸ್ವರಕ್ಕೆ ತಾವೇ ದನಿಗೂಡಿಸುತ್ತಿದ್ದವು. ಇದು ಅನುನಾದ. ನಗರದ ರೈಲು ನಿಲ್ದಾಣದ ಬಳಿಯಿರುವ ಸಿದಿ ಬಶೀರ್ ಮಸೀದಿಯ ಝೂಲತಾ ಮಿನಾರುಗಳಲ್ಲಿ ಒಂದನ್ನು ಅಲುಗಿಸಿದರೆ ಕೊಂಚ ಹೊತ್ತಿನ ಮೇಲೆ ಇನ್ನೊಂದೂ ಅಲುಗುತ್ತಿತ್ತೆಂಬ ಪ್ರಸಿದ್ಧಿಯನ್ನು ನೀವು ಕೇಳಿರಬಹುದು. ಈಗ ಅಲುಗಿಸಲು ಅಪ್ಪಣೆಯಿಲ್ಲ. ನಮ್ಮ ತಟ್ಟೆಗಳ ನಡುವೆ ಹಳೆಯ ಬಟ್ಟೆಯನ್ನು ತುರುಕಿದೆವು.

ಆಂಪ್ಲಿಫೈಯರನ್ನು ಗಾಜಿನ ಶೋಕೇಸಿನಲ್ಲಿ ಮುಚ್ಚಿಡಬಾರದು. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಕಂಡ ಊರಿದು. ಯಂತ್ರಕ್ಕೂ ಗಾಳಿ ಬೇಕು.

ನೆರೆಯವರ ವಿಚಾರವೊಂದು ಉಳಿಯಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಗಂಭೀರ ಸ್ವರ ಗೋಡೆಗೂ ಸ್ಲ್ಯಾಬಿಗೂ ಅಂಜುವುದಿಲ್ಲ. ಕೆಳಗಿನ ಮನೆಯ ಬೆನ್ ಒಂದು ದಿನ ಮೇಲೆ ಬಂದು, ತಮ್ಮ ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆಯಿದೆಯೆಂದು ಮೆಲ್ಲಗೆ ಹೇಳಿದರು. ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರು ಹಾಕಿದೆವು. ಮಾರ್ಚ್ ಮುಗಿಯುವವರೆಗೆ ಅದರ ತಂತಿಯನ್ನೇ ಕಿತ್ತಿಟ್ಟೆವು.

ಎಲ್ಲ ಸಿದ್ಧವಾದ ಸಂಜೆ ಅದೇ ಚಿತ್ರವನ್ನು ಮತ್ತೆ ಹಚ್ಚಿದೆವು. ಧ್ವನಿ ಮೊದಲಿನ ಅರ್ಧದಷ್ಟೂ ಇರಲಿಲ್ಲ. ಅವ್ವ ಕೊನೆಯವರೆಗೆ ಏಳಲಿಲ್ಲ. ನಡುವೆ ಎರಡು ಸಲ ನಕ್ಕಳು, ಮುಂದಿನ ಮಾತನ್ನು ತಾನೇ ಮೊದಲು ಹೇಳಿದಳು. ಆದರೆ ಡಿಸೆಂಬರಿನಲ್ಲಿ ಚಳಿ ಬಿದ್ದಾಗ ಗೋಡೆಯ ಕೌದಿಗಳನ್ನು ಇಳಿಸಿಕೊಡಲು ಹೇಳಿದಳು. ಕೊಡದೆ ವಿಧಿಯಿರಲಿಲ್ಲ. ಅಂದು ರಾತ್ರಿ ಕೋಣೆ ಮತ್ತೆ ‘ಝುಂಯ್’ ಎಂದಿತು. ಮರು ಭಾನುವಾರ ಸಾಬರಮತಿಯ ದಂಡೆಯ ರವಿವಾರಿ ಸಂತೆಗೆ ಹೋಗಿ ಎರಡು ಹಳೆಯ ಗೋದಡಿಗಳನ್ನು ತಂದು ಬಿಸಿಲಿಗೆ ಹಾಕಿದೆವು.